ಕಾಗದಗಳ ಶುಶ್ರೂಷೆ

ವಿದ್ಯಾರ್ಥಿದಶೆಯೆಂಬುದು ಯಾವ ವಿದ್ಯೆಯನ್ನು ಅರಸಿ ಹೊರಟವರಿಂದಲಾದರೂ ಒಂದಷ್ಟು ಕಾಗದವನ್ನು ಕೂಡಿಹಾಕಿಸಿಯೇ ತೀರುವುದಾದರೂ, ಶುಶ್ರೂಷಾವಿದ್ಯೆಯನ್ನು ಕಲಿಯಹೊರಟವರ ಪಾಲಿಗೆ ಬರುವಷ್ಟು ಬಗೆಬಗೆಯ ಕಾಗದ ಮತ್ತಾರ ಪಾಲಿಗಾದರೂ ಬರುವುದೋ ಇಲ್ಲವೋ ಎಂಬ ಸಂದೇಹ ನನ್ನಲ್ಲಿ ಬಹುಕಾಲದಿಂದ ಉಳಿದಿದೆ. ನ್ಯಾಯಶಾಸ್ತ್ರ ಓದುವವನಿಗೆ ಕಾಗದ ಹೆಚ್ಚೆಂಬುದು ನಿಜ. ಆದರೆ ಅವನ ಕಾಗದಗಳೆಲ್ಲ ಹೆಚ್ಚುಕಡಮೆ ಒಂದೇ ಜಾತಿಯವು. ನರ್ಸಿಂಗ್ ವಿದ್ಯಾರ್ಥಿನಿಯ ಕೋಣೆಯಲ್ಲಾದರೋ, ತರಗತಿಯಲ್ಲಿ ಬರೆದುಕೊಂಡ ಲಾಂಗ್ ಬುಕ್ಕುಗಳು, ಉಪನ್ಯಾಸಕರು ಹಂಚಿದ ಹ್ಯಾಂಡೌಟುಗಳು, ಮೇಲಿನ ತರಗತಿಯವರಿಂದ ಇಳಿದುಬಂದ ಜೆರಾಕ್ಸ್ ಪ್ರತಿಗಳು, ಪ್ರೊಸೀಜರ್ ಬುಕ್ಕು, ಡ್ರಗ್ ಬುಕ್ಕು, ಕೇಸ್ ಸ್ಟಡಿ, ಕೇರ್ ಪ್ಲಾನು, ಹೆರಿಗೆಯ ಕೇಸ್ ಬುಕ್ಕು, ಸಮುದಾಯ ಆರೋಗ್ಯದ ಪೋಸ್ಟಿಂಗಿನಲ್ಲಿ ತುಂಬಿದ ಫ್ಯಾಮಿಲಿ ಫೋಲ್ಡರು, ಆರೋಗ್ಯಶಿಕ್ಷಣದ ಚಾರ್ಟಿಗೆಂದು ತಂದು ಮಿಕ್ಕ ಬಣ್ಣದ ಹಾಳೆಗಳು, ಇವೆಲ್ಲ ಮಂಚದ ಕೆಳಗೂ ಟ್ರಂಕಿನ ಮೇಲೂ ಕಿಟಕಿಯ ಕಟ್ಟೆಯ ಮೇಲೂ ಹರಡಿಕೊಂಡು, ಮೂವರಿಗೆಂದು ಕೊಟ್ಟ ಹಾಸ್ಟೆಲಿನ ಕೋಣೆಯಲ್ಲಿ ಬಾಡಿಗೆ ಕೊಡದ ನಾಲ್ಕನೆಯವಳೊಬ್ಬಳು ಬಂದು ಬೀಡುಬಿಟ್ಟಂತೆ ಇರುತ್ತವೆ.

ಈ ಸಮೃದ್ಧಿಗೆ ಕಾರಣವಿಲ್ಲದಿಲ್ಲ. ರೋಗಿಯ ಮಗ್ಗುಲಲ್ಲಿ ನಿಂತು ಸೇವೆ ಮಾಡಬೇಕಾದವಳು ಸ್ವಲ್ಪ ವೈದ್ಯವನ್ನೂ ಸ್ವಲ್ಪ ರಸಾಯನವನ್ನೂ ಸ್ವಲ್ಪ ಪಾಕಶಾಸ್ತ್ರವನ್ನೂ ಸ್ವಲ್ಪ ಲೆಕ್ಕವನ್ನೂ ಸಾಕಷ್ಟು ಲೋಕವ್ಯವಹಾರವನ್ನೂ ಬಲ್ಲವಳಾಗಿರಬೇಕೆಂದು ಪಠ್ಯಕ್ರಮವನ್ನು ರಚಿಸಿದವರು ಭಾವಿಸಿದ್ದಾರೆ; ಹಾಗೆ ಭಾವಿಸಿದ್ದು ತಪ್ಪೂ ಅಲ್ಲ. ನಾನು ಬೆಂಗಳೂರಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿದ ಕಾಲಕ್ಕೆ, 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದಲ್ಲಿ ವಾರ್ಷಿಕ ಪರೀಕ್ಷೆಯ ಪದ್ಧತಿಯೇ ನಡೆಯುತ್ತಿದ್ದಿತು. ಮೊದಲನೆಯ ವರ್ಷದಲ್ಲಿಯೇ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಪೋಷಣಶಾಸ್ತ್ರ, ಜೀವರಸಾಯನ, ಮನಶ್ಶಾಸ್ತ್ರ ಇವೆಲ್ಲ ಒಟ್ಟಿಗೆ ಮೇಲೆ ಬೀಳುವುವು. ಒಂದೊಂದಕ್ಕೆ ಒಬ್ಬೊಬ್ಬ ಗುರುಗಳು, ಒಬ್ಬೊಬ್ಬ ಗುರುವಿಗೆ ಒಂದೊಂದು ಅಭ್ಯಾಸ. ಒಬ್ಬರು ಉಕ್ತಲೇಖನದಂತೆ ಹೇಳಿ ಬರೆಸುವರು. ಮತ್ತೊಬ್ಬರು ಪರದೆಯ ಮೇಲೆ ಸ್ಲೈಡುಗಳನ್ನು ಓಡಿಸಿ, ಬರೆದುಕೊಳ್ಳುವಷ್ಟರಲ್ಲಿ ಮುಂದಿನದಕ್ಕೆ ದಾಟಿಬಿಡುವರು. ಇನ್ನೊಬ್ಬರು ಪಾಠವೆಲ್ಲ ಮುಗಿದ ಮೇಲೆ, ಇನ್ನು ಬೇಡವೆಂದು ನಾವು ಪೆನ್ನು ಮುಚ್ಚಿದ ಮೇಲೆ, ಅತ್ಯಾವಶ್ಯಕವಾದ ಒಂದು ಮಾತನ್ನು ಬಾಗಿಲ ಬಳಿ ನಿಂತು ಹೇಳಿ ಹೋಗುವರು. ಆ ಕೊನೆಯ ಮಾತು ಎಲ್ಲಿ ಬರೆದಿದೆಯೆಂಬುದು ಯಾರಿಗೂ ತಿಳಿಯದು. ಬಸ್ಸಿನ ಟಿಕೆಟಿನ ಬೆನ್ನಿನ ಮೇಲೆ ಇರುವ ಸಂಭವವೂ ಉಂಟು.

ಪಠ್ಯಪುಸ್ತಕಗಳಿಲ್ಲವೇ ಎಂದು ಕೇಳಬಹುದು. ಇವೆ. ಬ್ರನ್ನರ್ ಮತ್ತು ಸುದ್ದಾರ್ಥರ ವೈದ್ಯಕೀಯ-ಶಸ್ತ್ರಕ್ರಿಯಾ ನರ್ಸಿಂಗಿನ ಗ್ರಂಥ, ದತ್ತಾ ಅವರ ಪ್ರಸೂತಿಶಾಸ್ತ್ರ, ಪಾರ್ಕ್ ಅವರ ಸಾಮಾಜಿಕ ವೈದ್ಯ, ನಮ್ಮ ಬಸವಂತಪ್ಪನವರು ಬರೆದ ಹಲವು ಪುಸ್ತಕಗಳು, ಇವನ್ನೆಲ್ಲ ನರ್ಸಿಂಗ್ ಓದಿದ ಯಾರು ಬೇಕಾದರೂ ಹೊದಿಕೆಯ ಬಣ್ಣದಿಂದಲೇ ಗುರುತು ಹಿಡಿಯಬಲ್ಲರು. ಆದರೆ ಇವುಗಳಲ್ಲಿ ಒಂದನ್ನು ಎತ್ತಿಕೊಂಡು ವಾರ್ಡಿಗೆ ಹೋಗುವುದಾದರೆ ರೋಗಿಗಿಂತ ಮೊದಲು ಓದುವವಳಿಗೇ ಬೆನ್ನುನೋವಿನ ಚಿಕಿತ್ಸೆ ಆಗಬೇಕಾದೀತು. ಆದುದರಿಂದ ಜ್ಞಾನವು ಏಪ್ರನ್ನಿನ ಜೇಬಿನ ಗಾತ್ರಕ್ಕೆ ಇಳಿಯಲೇಬೇಕಾಗುವುದು. ಹಾಗೆ ಇಳಿಯುವ ದಾರಿಯಲ್ಲಿಯೇ ನೋಟ್ಸೂ ಹ್ಯಾಂಡೌಟೂ ಹುಟ್ಟುತ್ತವೆ.

ಹ್ಯಾಂಡೌಟೆಂದರೆ ಗುರುಗಳು ಕೊಟ್ಟ ಶುದ್ಧಪ್ರತಿಯೆಂದು ಹೊರಗಿನವರು ತಿಳಿದಿರುವರು. ನಿಜವಾಗಿ ಅದೊಂದು ವಂಶವೃಕ್ಷ. ಯಾವಳೋ ಪುಣ್ಯಾತ್ಮಳು ಎಂದೋ ದುಂಡಕ್ಷರದಲ್ಲಿ ಬರೆದಿಟ್ಟದ್ದು, ಅದರ ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸಾಗಿ ನಮ್ಮ ಕೈಗೆ ಬರುವ ಹೊತ್ತಿಗೆ, ಮೂತ್ರಪಿಂಡದ ನೆಫ್ರಾನಿನ ಚಿತ್ರವು ಕಗ್ಗತ್ತಲೆಯಲ್ಲಿ ಸುರುಳಿಸುತ್ತಿಕೊಂಡ ಯಾವುದೋ ಪ್ರಾಣಿಯಾಗಿರುವುದು. ಬಲಗಡೆಯ ಅಂಚಿನಲ್ಲಿದ್ದ ಹೆಸರುಗಳೆಲ್ಲ ಯಂತ್ರದ ಬಾಯಿಗೆ ಹೋಗಿರುವುವು. ಇದನ್ನು ಕಂಡು ನಗಬಹುದು. ನಗಲಾಗದ ಸಂಗತಿಯೊಂದುಂಟು: ಜೆರಾಕ್ಸ್ ಯಂತ್ರವು ಅಕ್ಷರಗಳನ್ನು ಉಳಿಸಿದರೂ ಬಿಂದುಗಳನ್ನು ಉಳಿಸುವ ಭರವಸೆಯಿಲ್ಲ. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆಯ ಸಾಮಾನ್ಯ ಪ್ರಮಾಣ 0.25 ಮಿಲಿಗ್ರಾಂ. ಆತುರದ ಕೈಯವಳು ಸೊನ್ನೆಯನ್ನು ಬಿಟ್ಟು ಬರಿಯ ಬಿಂದುವಿನಿಂದ ಅದನ್ನು ಆರಂಭಿಸಿದ್ದರೆ, ಎರಡನೆಯ ತಲೆಮಾರಿನ ಪ್ರತಿಯಲ್ಲಿ ಬಿಂದು ಮಾಸಿ, ಮೂರನೆಯದರಲ್ಲಿ ಮಾಯವಾಗಿ, 25 ಎಂಬ ಅಂಕಿ ಮಾತ್ರ ನಿರ್ಲಜ್ಜೆಯಿಂದ ನಿಂತಿರುವುದು. ದಶಮಾಂಶದ ಮುಂದೆ ಸೊನ್ನೆಯನ್ನು ಬರೆಯದೆ ಬಿಡಬಾರದು, ಪೂರ್ಣಾಂಕದ ಹಿಂದೆ ಬಿಂದು ಸೊನ್ನೆಗಳನ್ನು ಬರೆಯಬಾರದು ಎಂಬ ನಿಯಮವನ್ನು ಔಷಧಸುರಕ್ಷೆಯ ಪಾಠದಲ್ಲಿ ಹೇಳಿಕೊಡುವರು. ಅದು ವೈದ್ಯರ ಚೀಟಿಗೆ ಸಂಬಂಧಿಸಿದ್ದೆಂದು ಕೇಳಿದವರೆಲ್ಲ ತಿಳಿಯುವರು. ತಮ್ಮ ನೋಟ್ಸಿಗೂ ಅದು ಅನ್ವಯಿಸುವುದೆಂದು ಎಣಿಸಿದವರು ವಿರಳ.

ನಮ್ಮ ತರಗತಿಯಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಮಂದಿ ಕೇರಳದಿಂದ ಬಂದವರು. ಕರ್ನಾಟಕದ ನರ್ಸಿಂಗ್ ಕಾಲೇಜುಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಅವರ ನೋಟ್ಸು ನಮ್ಮ ಕಣ್ಣಿಗೆ ಅಸೂಯೆಯನ್ನು ಹುಟ್ಟಿಸುವಷ್ಟು ಅಚ್ಚುಕಟ್ಟಾಗಿರುತ್ತಿದ್ದುವು. ಆದರೆ ಅವರು ಅತ್ಯಂತ ಜೋಪಾನವಾಗಿ ಇಟ್ಟುಕೊಂಡಿದ್ದುದು ಯಾವ ಗುರುಗಳೂ ಕೊಡದ ಒಂದು ಹಾಳೆಯನ್ನು: ಎಲ್ಲಿ ನೋವು, ಊಟ ಆಯ್ತಾ, ಮೂತ್ರ ಹೋಯ್ತಾ, ರಾತ್ರಿ ನಿದ್ದೆ ಬಂತಾ, ಮಗ್ಗುಲಿಗೆ ತಿರುಗಿ, ಉಸಿರು ಎಳೆದು ಬಿಡಿ ಎಂಬ ಕನ್ನಡದ ವಾಕ್ಯಗಳನ್ನು ಮಲಯಾಳದ ಲಿಪಿಯಲ್ಲಿ ಬರೆದುಕೊಂಡ ಹಾಳೆ ಅದು. ಆ ಹಾಳೆ ಅವರ ಟ್ರಂಕಿನಲ್ಲಿರಲಿಲ್ಲ, ಫೈಲಿನಲ್ಲಿರಲಿಲ್ಲ. ಸದಾ ಏಪ್ರನ್ನಿನ ಜೇಬಿನಲ್ಲಿಯೇ ಇರುತ್ತಿತ್ತು. ಇದರಲ್ಲಿ ಒಂದು ಪಾಠವಿದ್ದಿತೆಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ.

ಜೋಡಿಸುವ ಕ್ರಮದಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಬಹುಮತವು ವಿಷಯಾನುಸಾರವಾದ ವಿಭಾಗಕ್ಕೆ ಸೇರಿದ್ದು. ಒಂದು ವಿಷಯಕ್ಕೆ ಒಂದು ಫೈಲು, ಒಂದು ಯೂನಿಟ್ಟಿಗೆ ಒಂದು ಬಣ್ಣದ ಹಾಳೆ. ಅದರೊಳಗೆ 10 ಅಂಕದ ದೀರ್ಘೋತ್ತರ, 5 ಅಂಕದ ಕಿರುಟಿಪ್ಪಣಿ, 2 ಅಂಕದ ಚುಟುಕು ಎಂಬ ಒಳಜಾತಿಗಳು. ವಿಶ್ವವಿದ್ಯಾನಿಲಯದ ಪ್ರಶ್ನಪತ್ರಿಕೆಯು ಹೇಗೆ ಕೇಳುವುದೋ ಹಾಗೆ ಜೋಡಿಸಿಕೊಳ್ಳುವುದರಲ್ಲಿ ವಿವೇಕವಿಲ್ಲವೆಂದು ನಾನು ಹೇಳಲಾರೆ. ತೇರ್ಗಡೆಯಾಗದವಳಿಗೆ ಟೋಪಿಯಾಗಲಿ ಬಿಲ್ಲೆಯಾಗಲಿ ಕೊಡುವವರಿಲ್ಲ. ಇನ್ನು ಕೆಲವರು ಬಣ್ಣದ ಉಪಾಸಕರು. ಹೈಲೈಟರಿನ ಹಳದಿ, ಹಸಿರು, ಗುಲಾಬಿಗಳನ್ನು ಪುಟದ ಮೇಲೆ ಬಳಿದು ಬಳಿದು, ಕೊನೆಗೆ ಬಣ್ಣವಿಲ್ಲದೆ ಉಳಿದ ಒಂದೆರಡು ಸಾಲುಗಳೇ ಕಣ್ಣಿಗೆ ಬೀಳುವಂತೆ ಮಾಡಿಬಿಡುವರು. ಮತ್ತೊಂದು ಪಂಗಡ ಬಂದ ಕಾಗದವನ್ನೆಲ್ಲ ಹಾಸಿಗೆಯ ಕೆಳಗೆ ಸೇರಿಸುವುದು. ಬಂದ ದಿನ ಯಾವುದೆಂಬುದು ನೆನಪಿದ್ದರೆ ಎಷ್ಟು ಆಳದಲ್ಲಿ ಕೈಹಾಕಬೇಕೆಂಬುದು ಅವರಿಗೆ ಗೊತ್ತು. ಈ ಕೊನೆಯ ಪಂಗಡವನ್ನು ನಾನು ಹಾಸ್ಯಮಾಡಲಾರೆ, ಏಕೆಂದರೆ ನಮ್ಮ ಕೋಣೆಯಲ್ಲಿ ಕೇಳಿದ ಕಾಗದವನ್ನು ಎಲ್ಲರಿಗಿಂತ ಬೇಗ ತೆಗೆದುಕೊಡುತ್ತಿದ್ದವಳು ಅದೇ ಪಂಗಡದವಳು.

ಸಾಮಗ್ರಿಗಳ ವಿಷಯದಲ್ಲಿ ಎರಡು ಮಾತು. ಬೆಂಗಳೂರಿನಲ್ಲಿ ನರ್ಸಿಂಗ್ ಓದುವವರಿಗೆ ದೈವವೇ ಮಾಡಿಕೊಟ್ಟ ಅನುಕೂಲವೆಂದರೆ, 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಗೂ, ಕಾಗದ, ಫೈಲು, ಹಳೆಯ ಪುಸ್ತಕಗಳ ಅಂಗಡಿಗಳಿಂದ ಕಿಕ್ಕಿರಿದ ಅವೆನ್ಯೂ ರಸ್ತೆಗೂ ನಡುವೆ ನಡೆದೇ ಹೋಗುವಷ್ಟು ಅಂತರವಿರುವುದು. ಅಲ್ಲಿ ಕಣ್ಣು ಮೊದಲು ಹೋಗುವುದು ಪ್ಲಾಸ್ಟಿಕ್ಕಿನ ಪಾರದರ್ಶಕ ಲಕೋಟೆಗಳ ಮೇಲೆ. ನೋಡಲು ಅಂದ, ಆದರೆ ಬೇಸಗೆಯಲ್ಲಿ ಒಂದರ ಮೇಲೊಂದನ್ನು ಒತ್ತಿಟ್ಟರೆ ಜೆರಾಕ್ಸಿನ ಮಸಿ ಹಾಳೆಯನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದು, ಎಳೆದು ತೆಗೆದಾಗ ಹೃದಯದ ಎಡ ಕವಾಟ ಹಾಳೆಯಲ್ಲಿಯೂ ಬಲ ಕವಾಟ ಲಕೋಟೆಯಲ್ಲಿಯೂ ಉಳಿಯುವುದು. ಸ್ಟೇಪಲ್ ಪಿನ್ನು ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಹಾಳೆಯನ್ನು ತಿನ್ನುವುದು. ಕಚೇರಿಗಳಲ್ಲಿ ಬಳಸುವ, ಎರಡು ತುದಿಗೂ ಲೋಹದ ಕಡ್ಡಿಯಿರುವ ಹಸಿರು ನೂಲಿನ ಟ್ಯಾಗೇ ಸರ್ವೋತ್ತಮವೆಂಬುದು ನನ್ನ ತೀರ್ಪು: ಅಗ್ಗ, ಹಗುರ, ನಡುವೆ ಒಂದು ಹಾಳೆಯನ್ನು ಸೇರಿಸಬೇಕಾದರೆ ಮಿಕ್ಕವನ್ನು ಹರಿಯಬೇಕಾಗಿಲ್ಲ. ನಡುವೆ ಸೇರಿಸುವ ಅನುಕೂಲವೇ ಮುಖ್ಯ. ಬೈಂಡ್ ಮಾಡಿಸಿಟ್ಟ ನೋಟ್ಸು ಅಂದಿಗೆ ಬೆಳವಣಿಗೆ ನಿಂತ ನೋಟ್ಸು.

ಎರಡನೆಯ ವರ್ಷದಲ್ಲಿ ಪುರುಷರ ಮೆಡಿಕಲ್ ವಾರ್ಡಿನ ಪೋಸ್ಟಿಂಗು ಬಂದಾಗ, ನನ್ನ ಪಾಲಿಗೆ ಒಪ್ಪಿಸಿದ್ದ ಹಾಸಿಗೆಗಳೊಂದರಲ್ಲಿ ಕೋಲಾರದ ಕಡೆಯ ಒಬ್ಬ ವೃದ್ಧರಿದ್ದರು. ಹೃದಯ ಸೋತು, ಕಾಲುಗಳು ಮೊಳಕಾಲಿನವರೆಗೂ ಬಾತು, ರಾತ್ರಿ ಮಲಗಿದರೆ ಏದುಸಿರು ಬಂದು, ಎರಡು ಮೂರು ದಿಂಬುಗಳಿಗೆ ಒರಗಿ ಕುಳಿತೇ ಬೆಳಗು ಮಾಡುವ ಸ್ಥಿತಿ. ಅವರಿಗೆ ನೀರಿಳಿಯುವುದಕ್ಕೆ ಲ್ಯಾಸಿಕ್ಸೂ ಹೃದಯದ ಬಲಕ್ಕೆ ಡಿಗಾಕ್ಸಿನ್ನೂ ನಡೆಯುತ್ತಿದ್ದುವು. ಕೇರ್ ಪ್ಲಾನಿಗಾಗಿ ಅವರ ಬಳಿ ಕುಳಿತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದ ನನ್ನನ್ನು ಅವರು ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ, "ಅಲ್ಲಮ್ಮಾ, ಇಷ್ಟೊಂದು ಬರ್ಕೊಂತೀಯಲ್ಲ, ನನ್ನ ಕಾಲು ಬಾತಿರೋದು ಯಾವ ಹಾಳೇಲಿದೆ, ಅದನ್ನ ತೋರ್ಸು ನೋಡಾಣ" ಎಂದರು.

ವಿನೋದಕ್ಕೆ ಕೇಳಿದ ಮಾತು; ಆದರೆ ಉತ್ತರ ಸುಲಭವಾಗಿರಲಿಲ್ಲ. ಹೃದಯ ಸೋತರೆ ಕಾಲೇಕೆ ಬಾಯುವುದೆಂಬುದು ಶರೀರಕ್ರಿಯೆಯ ಫೈಲಿನಲ್ಲಿ. ಆ ರೋಗದ ಲಕ್ಷಣ ಮತ್ತು ಶುಶ್ರೂಷೆ ಮೆಡಿಕಲ್-ಸರ್ಜಿಕಲ್ ಫೈಲಿನಲ್ಲಿ. ಲ್ಯಾಸಿಕ್ಸ್, ಡಿಗಾಕ್ಸಿನ್‌ಗಳು ಔಷಧಶಾಸ್ತ್ರದಲ್ಲಿ. ಪೊಟ್ಯಾಸಿಯಮ್ಮು ರಕ್ತದಲ್ಲಿ 3.5ರಿಂದ 5 ಮಿಲಿಈಕ್ವಿವಲೆಂಟಿನವರೆಗೆ ಇರಬೇಕೆಂಬುದು ಮೊದಲನೆಯ ವರ್ಷ ಮುಗಿದೊಡನೆ ಹಗ್ಗ ಕಟ್ಟಿ ಅಟ್ಟಕ್ಕೇರಿಸಿದ ಜೀವರಸಾಯನದಲ್ಲಿ. ಉಪ್ಪು ಕಡಮೆ ಮಾಡಬೇಕೆಂಬುದು ಪೋಷಣಶಾಸ್ತ್ರದಲ್ಲಿ. ಮನುಷ್ಯ ಒಬ್ಬನೇ, ಹಾಸಿಗೆ ಒಂದೇ. ಕಾಗದಗಳು ಮಾತ್ರ ಐದು ಕಡೆ. ಅದೇ ವಾರದಲ್ಲಿ ಅವರು ಅನ್ನವನ್ನು ಕಂಡರೆ ವಾಕರಿಕೆಯೆಂದೂ, ಕಣ್ಣೆದುರಿಗೆ ಗೋಡೆಯೆಲ್ಲ ಹಳದಿಯಾಗಿ ಕಾಣುವುದೆಂದೂ ಹೇಳತೊಡಗಿದರು. ವಾರ್ಡಿನ ಹಿರಿಯ ಸಿಸ್ಟರು ಬಂದು, ಸ್ಟೆಥಾಸ್ಕೋಪನ್ನು ಅವರ ಎದೆಯ ಮೇಲಿಟ್ಟು ಒಂದು ಪೂರ್ಣ ನಿಮಿಷ ಬಡಿತವನ್ನು ಎಣಿಸಿ, 60ಕ್ಕಿಂತ ಕೆಳಗಿರುವುದನ್ನು ಕಂಡು ಆ ಹೊತ್ತಿನ ಡಿಗಾಕ್ಸಿನನ್ನು ತಡೆದು, ವೈದ್ಯರಿಗೆ ತಿಳಿಸಿ, ರಕ್ತಕ್ಕೆ ಬರೆಯಿಸಿದರು. ಪೊಟ್ಯಾಸಿಯಮ್ಮು ಇಳಿದಿತ್ತು. ಲ್ಯಾಸಿಕ್ಸು ಮೂತ್ರದೊಡನೆ ಪೊಟ್ಯಾಸಿಯಮ್ಮನ್ನೂ ಹೊರಕ್ಕೆ ಕಳಿಸುವುದು. ಪೊಟ್ಯಾಸಿಯಮ್ಮು ಇಳಿದಷ್ಟೂ ಡಿಗಾಕ್ಸಿನ್ನು ವಿಷವಾಗುವುದು. ಆ ವಿಷದ ಮೊದಲ ಗುರುತುಗಳೇ ವಾಕರಿಕೆ, ಅರುಚಿ, ಹಳದಿಯ ನೋಟ. ಸಿಸ್ಟರು ಇದನ್ನೆಲ್ಲ ನನಗೆ ಹೇಳಿದ್ದು ಕೈ ತೊಳೆಯುತ್ತ ನಿಂತ ಎರಡು ನಿಮಿಷದಲ್ಲಿ. ಅವರು ಹೇಳಿದ ಮಾತಿನ ಒಂದೊಂದು ಖಂಡವೂ ನನ್ನ ಒಂದೊಂದು ಫೈಲಿನಲ್ಲಿ, ನನ್ನದೇ ಅಕ್ಷರದಲ್ಲಿ, ಅಡಿಗೆರೆಯ ಸಹಿತವಾಗಿ ಇದ್ದಿತು. ಒಟ್ಟಿಗೆ ಎಲ್ಲಿಯೂ ಇರಲಿಲ್ಲ.

ವೃದ್ಧರು ಚೇತರಿಸಿಕೊಂಡ ಮೇಲೆ ಈ ಐದು ಫೈಲುಗಳ ಕಥೆಯನ್ನು ಕೇಳಿ ಬಹಳ ನಕ್ಕರು. ಅವರ ತಂದೆ ಶಾನುಭೋಗರಂತೆ. 1960ರ ದಶಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗುವವರೆಗೂ ಊರಿನ ಲೆಕ್ಕವೆಲ್ಲ ಅವರ ಮನೆಯ ನಾಗಂದಿಗೆಯ ಮೇಲೆಯೇ ಇದ್ದಿತಂತೆ. "ಅಮಲ್ದಾರ್ರು ಬಂದು ಜಗಲಿ ಮೇಲೆ ಕೂರೋದ್ರೊಳಗೆ ಕೇಳಿದ ಕಾಗದ ಅವರ ಕೈಗೆ ಹೋಗ್ತಿತ್ತು. ನಮ್ಮಪ್ಪ ಯಾರು ತಂದುಕೊಟ್ಟ ಕಾಗದ ಅಂತ ನೋಡಿ ಇಡ್ತಿರ್ಲಿಲ್ಲಮ್ಮ, ಯಾವ ಸರ್ವೆ ನಂಬರಿಂದು ಅಂತ ನೋಡಿ ಇಡ್ತಿದ್ರು. ಕಂದಾಯದ್ದಾಗ್ಲಿ, ಕ್ರಯದ್ದಾಗ್ಲಿ, ವ್ಯಾಜ್ಯದ್ದಾಗ್ಲಿ, ಆ ಹೊಲದ್ದೆಲ್ಲ ಒಂದೇ ಕಟ್ಟು" ಎಂದು ಹೇಳಿ, ಆ ದಿನದ ಹಾಲಿಗೆ ಸಕ್ಕರೆ ಕಡಮೆಯಾಗಿತ್ತೆಂಬ ಬೇರೊಂದು ದೂರಿಗೆ ಹೊರಳಿದರು.

ಆ ವರ್ಷದ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಎಲ್ಲ ಟ್ಯಾಗುಗಳನ್ನೂ ಬಿಚ್ಚಿ, ವಿಷಯದ ಹೆಸರುಗಳನ್ನು ಬದಿಗಿಟ್ಟು, ರೋಗಿಯ ಕಷ್ಟವನ್ನೇ ತಲೆಬರಹವಾಗಿ ಮಾಡಿ ಹೊಸದಾಗಿ ಕಟ್ಟಿದೆನು. ಉಸಿರಿಗೆ ಕಷ್ಟ ಎಂಬುದೊಂದು ಕಟ್ಟು. ಬಾವು ಮತ್ತು ಮೂತ್ರ ಎಂಬುದೊಂದು. ಸಕ್ಕರೆ, ಜ್ವರ, ಪ್ರಜ್ಞೆ ತಪ್ಪಿದವರು, ಹೆರಿಗೆಯ ಮೊದಲು, ಹೆರಿಗೆಯ ತರುವಾಯ, ಹುಟ್ಟಿದ ಮಗು, ಹೀಗೆ. ಪ್ರಜ್ಞೆ ತಪ್ಪಿದವರ ಕಟ್ಟಿನಲ್ಲಿ ಹನ್ನೆರಡು ಕಪಾಲನರಗಳ ಅಂಗರಚನೆ, 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ 3ರಿಂದ 15ರವರೆಗಿನ ಪ್ರಜ್ಞಾಮಾಪನ, ಮಗ್ಗುಲು ಬದಲಿಸುವ ಕ್ರಮ, ಬಾಯಿ ಶುಚಿಮಾಡುವ ಪ್ರೊಸೀಜರು, ಮನೆಯವರೊಡನೆ ಮಾತನಾಡುವ ಬಗೆಯ ಕುರಿತು ಮನಶ್ಶಾಸ್ತ್ರದ ಒಂದು ಹಾಳೆ, ಎಲ್ಲವೂ ಒಂದೇ ನೂಲಿನಲ್ಲಿ ಸೇರಿದುವು. ಪ್ರತಿಯೊಂದು ಕಟ್ಟಿಗೂ ಮೇಲೆ ಒಂದೇ ಒಂದು ತಲೆಹಾಳೆ: ಮೊದಲು ಏನನ್ನು ನೋಡಬೇಕು, ಏನನ್ನು ಎಣಿಸಬೇಕು, ಯಾವ ಅಂಕಿಗೆ ಯಾರನ್ನು ಕರೆಯಬೇಕು. ಡ್ರಿಪ್ಪಿನ ಲೆಕ್ಕ ಮಾತ್ರ ಎಲ್ಲ ಕಟ್ಟಿಗೂ ಬೇಕಾದುದರಿಂದ ಅದನ್ನು ಪುಟ್ಟ ಚೀಟಿಯಲ್ಲಿ ಜೇಬಿಗೆ ಸೇರಿಸಿದೆನು: ಒಂದು ಲೀಟರು ದ್ರವ ಎಂಟು ಗಂಟೆಯಲ್ಲಿ ಹೋಗಬೇಕಾಗಿ, ಒಂದು ಮಿಲಿಲೀಟರಿಗೆ 15 ಹನಿ ಬೀಳುವ ಸೆಟ್ಟಾದರೆ, 1000ವನ್ನು 15ರಿಂದ ಗುಣಿಸಿ 480 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 31 ಹನಿ. ಅರ್ಧರಾತ್ರಿಯಲ್ಲಿ ಈ ಭಾಗಾಕಾರವನ್ನು ತಲೆಯಲ್ಲಿ ಮಾಡಬಲ್ಲೆನೆಂಬ ಅಹಂಕಾರ ಯಾರಿಗೂ ಬೇಡ.

ಈ ಕ್ರಮಕ್ಕೆ ಒಗ್ಗದ ವಿಷಯಗಳೂ ಉಂಟು. ಸಮಾಜಶಾಸ್ತ್ರ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ, ನರ್ಸಿಂಗ್ ಆಡಳಿತ ಇವುಗಳನ್ನು ಯಾವ ಹಾಸಿಗೆಯ ಮೇಲೆ ಮಲಗಿಸುವುದು? ಅವನ್ನು ಹಳೆಯ ಫೈಲುಗಳಲ್ಲಿಯೇ ಬಿಟ್ಟೆನು. ಎಲ್ಲವನ್ನೂ ಒಂದೇ ಸೂತ್ರಕ್ಕೆ ತರಬೇಕೆಂಬ ಹಟ ಪಂಡಿತರಿಗೆ ಶೋಭಿಸಬಹುದು, ನಿದ್ರೆ ಬೇಕಾದವರಿಗಲ್ಲ. ಕೈ ತೊಳೆಯುವುದು ಯಾವ ಕಟ್ಟಿಗೆ ಸೇರತಕ್ಕದ್ದೆಂದು ಯೋಚಿಸಿ, ಎಲ್ಲಕ್ಕೂ ಸೇರಿದ್ದೆಂದು ತಿಳಿದು, ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವ ಐದು ಸಂದರ್ಭಗಳ ಹಾಳೆಯನ್ನು, ಎಂದರೆ ರೋಗಿಯನ್ನು ಮುಟ್ಟುವ ಮೊದಲು, ಶುದ್ಧಕ್ರಿಯೆಯ ಮೊದಲು, ದೇಹದ ದ್ರವಗಳು ಸೋಕಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ ಎಂಬುದನ್ನು, ಬೀರುವಿನ ಬಾಗಿಲಿಗೆ ಅಂಟಿಸಿದೆನು. ಪರೀಕ್ಷೆಗೆ ಓದುವಾಗ ಕಟ್ಟುಗಳನ್ನು ಮತ್ತೆ ವಿಷಯಾನುಸಾರ ಓದಬೇಕಾಗುವ ತೊಂದರೆಗೆ, ಹಾಳೆಯ ಮೂಲೆಯಲ್ಲಿ ವಿಷಯದ ಮೊದಲಕ್ಷರವನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡದ್ದು ಸಾಕಾಯಿತು.

ಕ್ರಮಕ್ಕಿಂತಲೂ ಮುಖ್ಯವಾದುದು ತಾರೀಖು. ವಾರ್ಡಿನಲ್ಲಿ ನರ್ಸ್ ಬರೆಯುವ ಪ್ರತಿಯೊಂದು ಸಾಲಿಗೂ ದಿನ, ವೇಳೆ, ಸಹಿ ಇರಬೇಕು. ತಪ್ಪಾದರೆ ಬಿಳಿಯ ಬಣ್ಣ ಬಳಿಯಬಾರದು, ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು ಸಹಿ ಹಾಕಬೇಕು. ಬರೆಯದಿದ್ದುದು ಮಾಡದಿದ್ದುದಕ್ಕೆ ಸಮ. ಇಷ್ಟು ನಿಷ್ಠುರವಾದ ಶಿಸ್ತನ್ನು ಹಗಲೆಲ್ಲ ಆಸ್ಪತ್ರೆಯಲ್ಲಿ ಪಾಲಿಸಿ ಬಂದವಳು, ರಾತ್ರಿ ತನ್ನ ನೋಟ್ಸಿಗೆ ತಾರೀಖನ್ನೇ ಹಾಕದಿರುವುದು ವಿಚಿತ್ರ. ನಾವು ಓದುತ್ತಿದ್ದ ಕಾಲದಲ್ಲಿಯೇ, 2010ರಲ್ಲಿ, ನಿಂತ ಹೃದಯವನ್ನು ನಡೆಸುವ ಸಿಪಿಆರ್ ಕ್ರಮವು ತಲೆಕೆಳಗಾಯಿತು: ಮೊದಲು ಶ್ವಾಸಮಾರ್ಗ, ಆಮೇಲೆ ಉಸಿರು, ಆಮೇಲೆ ಎದೆಯೊತ್ತು ಎಂಬ ಎ-ಬಿ-ಸಿ ಹೋಗಿ, ಮೊದಲು ಎದೆಯೊತ್ತು ಎಂಬ ಸಿ-ಎ-ಬಿ ಬಂದಿತು. ಅದಕ್ಕೂ ಹಿಂದೆ, 2005ರಲ್ಲಿ, ಹದಿನೈದು ಒತ್ತಿಗೆ ಎರಡು ಉಸಿರು ಎಂಬುದು ಮೂವತ್ತಕ್ಕೆ ಎರಡಾಗಿತ್ತು. ಆದರೆ ಹಾಸ್ಟೆಲಿನಲ್ಲಿ ಮೂರೂ ಕಾಲದ ಹ್ಯಾಂಡೌಟುಗಳು ಅಕ್ಕಪಕ್ಕದಲ್ಲಿ, ಸಮಾನ ಗೌರವದಿಂದ, ತಾರೀಖಿಲ್ಲದೆ ವಾಸವಾಗಿದ್ದುವು; ಯಾವುದು ಅಜ್ಜ, ಯಾವುದು ಮೊಮ್ಮಗ ಎಂದು ಹೇಳುವವರಿರಲಿಲ್ಲ. ಮಕ್ಕಳ ಲಸಿಕೆಯ ಪಟ್ಟಿಯ ಪಾಡೂ ಇದೇ. 2011ರ ಕೊನೆಯಲ್ಲಿ ಕೇರಳ, ತಮಿಳುನಾಡುಗಳಲ್ಲಿ ಮೊದಲಾಗಿ ಪೆಂಟಾವೇಲೆಂಟ್ ಬಂದಿತು, 2015ರಲ್ಲಿ ಪೋಲಿಯೋದ ಚುಚ್ಚುಮದ್ದು ಬಂದಿತು, 2016ರಲ್ಲಿ ಬಾಯಿಯ ಹನಿಯೇ ಮೂರು ತಳಿಯಿಂದ ಎರಡು ತಳಿಗೆ ಇಳಿಯಿತು. ಹಳೆಯ ಪಟ್ಟಿಯನ್ನು ಬಾಯಿಪಾಠ ಮಾಡಿದ ಹುಡುಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿಯ ಕೈಯ ಕಾರ್ಡನ್ನು ನೋಡಿ, ಕಾರ್ಡೇ ತಪ್ಪೆಂದು ವಾದಿಸಿದರೆ ಆಶ್ಚರ್ಯವೇನು?

ಈ ಕಷ್ಟ ಇಂದಿನದಲ್ಲ. ಕ್ರಿಮಿಯದ ಯುದ್ಧಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲಳು 1854ರಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಾಗ, ಸತ್ತವರ ಲೆಕ್ಕವನ್ನು ಬೇರೆಬೇರೆ ಪುಸ್ತಕಗಳಲ್ಲಿ ಇಡುತ್ತಿದ್ದರು; ಒಂದರ ಮೊತ್ತ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ದೀಪ ಹಿಡಿದು ನಡೆದವಳೆಂದು ಆಕೆಯನ್ನು ಪೂಜಿಸುವ ನಾವು, ಪ್ರತಿವರ್ಷ ಮೇ 12ರಂದು ಮೇಣದ ಬತ್ತಿ ಹಚ್ಚಿ ಪ್ರತಿಜ್ಞೆ ಸ್ವೀಕರಿಸುವ ನಾವು, ಆಕೆ ಆ ದೀಪದ ಬೆಳಕಿನಲ್ಲಿ ಎಷ್ಟು ಕಾಗದ ಬರೆದಳೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಸೈನಿಕರು ಗಾಯದಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ ಹೆಚ್ಚಾಗಿ ಸತ್ತರೆಂಬುದನ್ನು 1858ರಲ್ಲಿ ಬಣ್ಣದ ದಳಗಳ ಚಕ್ರಾಕಾರದ ಚಿತ್ರದಲ್ಲಿ ಬಿಡಿಸಿ ತೋರಿಸಿದವಳು ಆಕೆ. 1859ರಲ್ಲಿ ಪ್ರಕಟವಾದ ಆಕೆಯ ಶುಶ್ರೂಷೆಯ ಟಿಪ್ಪಣಿಗಳಲ್ಲಿ, ರೋಗಿಗೆ ಚೆನ್ನಾಗಿ ನಿದ್ರೆ ಬಂದಿತೇ ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಎಷ್ಟು ಗಂಟೆ ಬಂದಿತು, ರಾತ್ರಿಯ ಯಾವ ವೇಳೆಯಲ್ಲಿ ಬಂದಿತು ಎಂದು ಕೇಳಬೇಕೆಂಬ ಉಪದೇಶವಿದೆ. ಹ್ಯಾಂಡೌಟಿನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆಯೂ ಅಂಥದೇ: ಒಳ್ಳೆಯ ನೋಟ್ಸೇ ಎಂದಲ್ಲ, ಯಾವ ವರ್ಷದ್ದು, ಯಾರು ಹೇಳಿದ್ದು, ಯಾವ ಪುಸ್ತಕದಿಂದ ಬಂದದ್ದು ಎಂದು.

ಕೇಸ್ ಸ್ಟಡಿಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅವು ಪುಸ್ತಕದಿಂದ ಬಂದವಲ್ಲ, ಮನುಷ್ಯರಿಂದ ಬಂದವು. ಹೆಸರು, ಊರು, ಕುಲಕಸುಬು, ಕುಡಿತದ ಚಟ, ಗರ್ಭಪಾತ, ಗಂಡನೊಡನೆ ಜಗಳ, ಎಲ್ಲವೂ ಅದರಲ್ಲಿರುವುದು. ಅಂಕ ಬಂದ ಮೇಲೆ ಅವು ಮಾದರಿಯೆಂಬ ಹೆಸರಿನಿಂದ ಕೋಣೆಯಿಂದ ಕೋಣೆಗೆ, ಕಾಲೇಜಿನಿಂದ ಕಾಲೇಜಿಗೆ ಸಂಚರಿಸುವುವು. ನಿಮ್ಹಾನ್ಸಿನ ಪೋಸ್ಟಿಂಗಿನಲ್ಲಿ ಬರೆದ ಮನೋರೋಗಿಯೊಬ್ಬರ ಚರಿತ್ರೆ, ಯಾರದೋ ತಿಂಡಿಯ ಪೊಟ್ಟಣದ ಪಕ್ಕದಲ್ಲಿ ಬಿದ್ದಿರುವುದನ್ನು ಕಂಡರೆ ಆ ರೋಗಿಯ ಮನೆಯವರಿಗೆ ಹೇಗಾದೀತು? ನಾನು ಕಟ್ಟಿಗೆ ಸೇರಿಸುವ ಮೊದಲು ಹೆಸರು, ವಿಳಾಸ, ಆಸ್ಪತ್ರೆಯ ಒಳರೋಗಿ ಸಂಖ್ಯೆ ಇರುವ ಮೇಲ್ಭಾಗವನ್ನು ಕತ್ತರಿಯಿಂದ ಕತ್ತರಿಸಿ ಹರಿದು ಹಾಕುತ್ತಿದ್ದೆನು. ಪುಟ ಮೊಟಕಾಗಿ ಕಾಣುವುದು, ಕಾಣಲಿ.

ಈಗ ನಾನು ಕಲಿಸುವವರ ಸಾಲಿಗೆ ಸೇರಿದ್ದೇನೆ. 2021ರ ತರುವಾಯ ವಾರ್ಷಿಕ ಪದ್ಧತಿ ಹೋಗಿ ಎಂಟು ಸೆಮಿಸ್ಟರುಗಳು ಬಂದಿವೆ. ಹ್ಯಾಂಡೌಟುಗಳು ಪಿಡಿಎಫ್ ಆಗಿ ವಾಟ್ಸಾಪಿನಲ್ಲಿ ಬರುತ್ತವೆ. ಕಾಗದದ ಕಷ್ಟ ಇದರಿಂದ ತೀರಿತೆಂದು ವಿದ್ಯಾರ್ಥಿಗಳು ಹೇಳುವಾಗ ಅವರ ಫೋನನ್ನು ತೆರೆದು ನೋಡುತ್ತೇನೆ. ಹಾಸಿಗೆಯ ಕೆಳಗಿನ ರಾಶಿ ಡೌನ್‌ಲೋಡಿನ ರಾಶಿಯಾಗಿದೆ. ಯೂನಿಟ್ 3, ಯೂನಿಟ್ 3 ಹೊಸದು, ಯೂನಿಟ್ 3 ಫೈನಲ್, ಯೂನಿಟ್ 3 ಫೈನಲ್ 2 ಎಂಬ ಹೆಸರಿನ ನಾಲ್ಕು ಕಡತಗಳಲ್ಲಿ ನಿಜವಾದ ಫೈನಲ್ ಯಾವುದೆಂಬುದು ಕಳಿಸಿದವರಿಗೂ ತಿಳಿಯದು. ಹಾಸಿಗೆಯ ಕೆಳಗಾದರೆ ಆಳದಿಂದ ಕಾಲವನ್ನು ಊಹಿಸಬಹುದಾಗಿತ್ತು. ಹಲವು ವಾರ್ಡುಗಳಲ್ಲಿ ವಿದ್ಯಾರ್ಥಿಗಳು ಫೋನನ್ನು ಹೊರತೆಗೆಯುವಂತೆಯೂ ಇಲ್ಲ. ಆದುದರಿಂದ ಪಿಡಿಎಫ್ ಬಂದ ಮೇಲೂ ಏಪ್ರನ್ನಿನ ಜೇಬಿನ ಚೀಟಿಗೆ ಕೆಲಸ ತಪ್ಪಿಲ್ಲ.

ಈ ವರ್ಷ ಓದು ಮುಗಿಸಿ ಹೊರಡುವ ಹುಡುಗಿಯರಲ್ಲಿ ಮತ್ತು ಹುಡುಗರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ನಿಮ್ಮ ನೋಟ್ಸನ್ನು ಕಿರಿಯರಿಗೆ ಕೊಡುವುದು ಒಳ್ಳೆಯ ಸಂಪ್ರದಾಯ. ಅದನ್ನು ರದ್ದಿಯಂಗಡಿಗೆ ತೂಗಿಹಾಕುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಕೊಡುವ ಮುನ್ನ ಒಂದು ಸಂಜೆ ಕುಳಿತು, ಹಾಳೆಹಾಳೆಗೂ ವರ್ಷವನ್ನು ಬರೆಯಿರಿ; ಬದಲಾದುದಕ್ಕೆ ಒಂದು ಗೆರೆ ಎಳೆದು ಸಹಿ ಹಾಕಿರಿ; ರೋಗಿಗಳ ಹೆಸರುಗಳನ್ನು ಕತ್ತರಿಸಿ ತೆಗೆಯಿರಿ; ಡ್ರಗ್ ಬುಕ್ಕಿನಲ್ಲಿ ಒಂಟಿಯಾಗಿ ನಿಂತ ಬಿಂದುಗಳ ಮುಂದೆಲ್ಲ, ಜೆರಾಕ್ಸ್ ಅಂಗಡಿಗೆ ಹೋಗುವುದರೊಳಗೆ, ಒಂದೊಂದು ಸೊನ್ನೆಯನ್ನು ಬರೆದು ಕೊಡಿರಿ.